ಹನ್ನೆರಡೇ ಮನೆಯ ನಮ್ಮ ಕ್ರೈಸ್ತ ಸಮುದಾಯ ಕಷ್ಟದಲ್ಲಿರುವ ಅಕ್ಕಪಕ್ಕದವರಿಗೆ ಏನು ಮಾಡಬಹುದು?

ನಿಮ್ಮ ಪ್ರಶ್ನೆ ಓದಿದೆ. ಊರ ನಡುವಿನ ಹಳೇ ಬಡಾವಣೆ, ಚರ್ಚಿನ ಕಿರು ಕ್ರೈಸ್ತ ಸಮುದಾಯದಲ್ಲಿ, ಅಂದರೆ ಅಕ್ಕಪಕ್ಕದ ಮನೆಯವರು ಸೇರುವ ಪ್ರಾರ್ಥನೆಯ ಗುಂಪಿನಲ್ಲಿ, 12 ಮನೆ. ಸುತ್ತಮುತ್ತ ಬಾಡಿಗೆ ಕಟ್ಟಲಾಗದವರು, ಕುಡಿತಕ್ಕೆ ಸಿಕ್ಕ ಮನೆಗಳು, ಕಾಯಿಲೆ ಬಿದ್ದವರು. ಕೈಯಲ್ಲಿ ದುಡ್ಡಿಲ್ಲ, ಎಲ್ಲಿಂದ ಶುರು ಮಾಡೋದು, ಮತಾಂತರಕ್ಕೆ ಬಂದಿದ್ದಾರೆ ಅಂತ ಯಾರಾದರೂ ಅಂದರೆ ಏನು ಹೇಳೋದು ಅಂತ ಕೇಳಿದ್ದೀರಿ.

ನಾನು ಬೆಂಗಳೂರಿನ ಶಿವಾಜಿನಗರದ ಕಡೆಯವಳು. ನಮ್ಮ ಸಮುದಾಯದಲ್ಲಿ 14 ಮನೆ ಇವೆ. ಟೈಲರ್, ಆಟೋ ಓಡಿಸುವವರು, ಇಬ್ಬರು ನರ್ಸ್, ಉಳಿದವರು ಸಣ್ಣಪುಟ್ಟ ಕೆಲಸದವರು. ತಿಂಗಳಿಗೊಮ್ಮೆ ಸರದಿ ಪ್ರಕಾರ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಕುರ್ಚಿ ಮೇಲೆ ಬೈಬಲ್, ಮೇಣದಬತ್ತಿ, ಒಂದು ಜಪಸರ, ಆಮೇಲೆ ಟೀ. ನಿಮ್ಮದೂ ಹೆಚ್ಚುಕಡಿಮೆ ಹೀಗೇ ಇರಬೇಕು.

ಮೊದಲು ನಾವು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಒಂದು ಕ್ರಿಸ್ಮಸ್‌ಗೆ ಎಲ್ಲರೂ ದುಡ್ಡು ಹಾಕಿ ಪಕ್ಕದ ವಠಾರದ ಆರು ಮನೆಗೆ ಅಕ್ಕಿ, ಬೇಳೆ, ಎಣ್ಣೆ ಕೊಟ್ಟೆವು. ಕೊಡುವಾಗ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೂ ಹಾಕಿದೆವು. ಅದರಲ್ಲಿ ಹೂ ಮಾರುವ ಒಬ್ಬ ಅಕ್ಕ ಇದ್ದರು. ಆ ಫೋಟೋ ಹೇಗೋ ಅವರ ಮಗಳ ಸ್ಕೂಲಿನವರೆಗೂ ಹೋಯಿತು. ಆಮೇಲೆ ನಾನು ಎದುರು ಬಂದರೆ ಅಕ್ಕ ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಿದ್ದರು. ಅಕ್ಕಿ ಹದಿನೈದು ದಿನಕ್ಕೆ ಮುಗಿದಿರುತ್ತದೆ. ಆದರೆ ಆ ಹುಡುಗಿ ಕ್ಲಾಸಿನಲ್ಲಿ ತಲೆ ತಗ್ಗಿಸಿ ಕೂತದ್ದು? ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಕ್ಷಮೆ ಕೇಳಬೇಕು ಅಂತ ಹೋದೆ. ಅಕ್ಕ ಗೋಣಿಚೀಲದ ಮೇಲೆ ಒದ್ದೆ ಬಟ್ಟೆ ಹಾಸಿ, ಕಾಕಡ ಮಲ್ಲಿಗೆ ಸುರಿದುಕೊಂಡು ಕಟ್ಟುತ್ತಿದ್ದರು. ಮಾತಾಡಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತು ನಾನೂ ಬಾಳೆನಾರು ಸೀಳಿ ಕೊಡತೊಡಗಿದೆ. ನಾನು ಸೀಳಿದ ನಾರು ದಪ್ಪ ಬರುತ್ತಿತ್ತು. ಅಕ್ಕ ಅದನ್ನು ಕಿತ್ತುಕೊಂಡು, ಉಗುರಲ್ಲಿ ಮತ್ತೆ ಎರಡಾಗಿ ಸೀಳಿ ನೀರಲ್ಲಿ ಅದ್ದಿಟ್ಟರು. ಅರ್ಧ ಗಂಟೆ ಆದ ಮೇಲೆ, "ಸಾಯಂಕಾಲ ಅವನು ಬರ್ತಾನೆ, ಅಷ್ಟರಲ್ಲಿ ಹತ್ತು ಮೊಳ ಆದ್ರೂ ಮಾರ್ಬೇಕು" ಅಂದರು.

ಅವನು ಅಂದರೆ ದಿನದ ಬಡ್ಡಿಯವನು. ಬೆಳಿಗ್ಗೆ 900 ರೂಪಾಯಿ ಕೊಡುತ್ತಾನೆ, ಸಂಜೆ 1,000 ವಾಪಸ್ ಕೊಡಬೇಕು. ಆ 900 ಹಿಡಿದು ಅಕ್ಕ ನಸುಕಿನಲ್ಲಿ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಬಿಡಿ ಹೂ ತರುತ್ತಾರೆ. ದಿನಕ್ಕೆ 100 ಅಂದರೆ ಸಣ್ಣ ದುಡ್ಡು ಅನ್ನಿಸುತ್ತದೆ, ಅಲ್ವಾ? ತಿಂಗಳಲ್ಲಿ 26 ದಿನ ಅಂತ ಲೆಕ್ಕ ಹಾಕಿದರೂ 2,600 ಆಯಿತು. ನಾವು ಕೊಟ್ಟ ದಿನಸಿ ಅದರ ಅರ್ಧಕ್ಕೂ ಬರುತ್ತಿರಲಿಲ್ಲ. ಅಕ್ಕನಿಗೆ ಬೇಕಿದ್ದದ್ದು ಅಕ್ಕಿಯಲ್ಲ, ಬೆಳಿಗ್ಗೆ ಕೈಯಲ್ಲಿ ಸ್ವಂತದ ಒಂದು ಸಾವಿರ. ಒಂದೇ ಗೋಡೆಯ ಈಚೆ ಇದ್ದುಕೊಂಡು ವರ್ಷಗಟ್ಟಲೆ ನಮಗೆ ಅದು ಗೊತ್ತಿರಲಿಲ್ಲ.

ಮುಂದಿನ ಕೂಟದಲ್ಲಿ ನಾನು ಹೆಸರು ಹೇಳದೆ ವಿಷಯ ಇಟ್ಟೆ. 1,000 ರೂಪಾಯಿ ಕೈಗಡ, ಬಡ್ಡಿ ಇಲ್ಲ, ವಾರಕ್ಕೆ 100ರಂತೆ 10 ವಾರ ವಾಪಸ್ ಅಂತ ತೀರ್ಮಾನ ಆಯಿತು. ದಿನಕ್ಕೆ ಕೊಡುತ್ತಿದ್ದ 100ನ್ನು ಅಕ್ಕ ವಾರಕ್ಕೆ ಕೊಟ್ಟರು. ಹತ್ತು ಕಂತು ಮುಗಿಯುವ ಹೊತ್ತಿಗೆ ಬಂಡವಾಳ ಅವರದ್ದೇ ಆಗಿತ್ತು. ನಡುವೆ ಮಳೆಗೆ ಹೂ ಕೊಳೆತ ಎರಡು ವಾರ ಕಂತು ಕಟ್ಟಲಿಲ್ಲ, ನಾವೂ ಕೇಳಲಿಲ್ಲ. ಅದೇ ದುಡ್ಡು ಆಮೇಲೆ ಇಡ್ಲಿ ಮಾರುವ ಒಬ್ಬರಿಗೆ ಹೋಯಿತು. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಅಂತ ಸಾಲ ಇದೆ, ಶುರುವಾದಾಗ ಮೊದಲ ಕಂತು 10,000 ಇತ್ತು. ಆದರೆ ಅದಕ್ಕೆ ವ್ಯಾಪಾರಿಯ ಗುರುತಿನ ಚೀಟಿ ಇಲ್ಲವೇ ಶಿಫಾರಸು ಪತ್ರ ಬೇಕು, ಬ್ಯಾಂಕ್ ಖಾತೆ ಬೇಕು. ಅದನ್ನೆಲ್ಲ ಮಾಡಿಸಿಕೊಳ್ಳುವಷ್ಟು ದಿನ ಹೊಟ್ಟೆ ಕಾಯುವುದಿಲ್ಲ. ಆ ನಡುವಿನ ದಿನಗಳಿಗೆ ನೀವು ಬೇಕು.

ಈಗ ದುಡ್ಡಿನ ಮಾತು. ನಮ್ಮಲ್ಲಿ ಒಂದು ಬಟ್ಟೆ ಚೀಲ ಇದೆ. ಟೀ ಮುಂಚೆ ಅದು ಎಲ್ಲರ ಕೈಗೂ ಹೋಗುತ್ತದೆ. ಎಲ್ಲರೂ ಮುಷ್ಟಿ ಮುಚ್ಚಿ ಒಳಗೆ ಕೈ ಹಾಕುತ್ತಾರೆ. ಯಾರು 200 ಹಾಕಿದರು, ಯಾರು ಬರೀ ಕೈ ಹಾಕಿದರು ಯಾರಿಗೂ ಕಾಣುವುದಿಲ್ಲ. ಇದು ನಮ್ಮ ಬುದ್ಧಿಯಲ್ಲ, ಬಡವರಿಗೆ ನೆರವಾಗುವ ಕ್ಯಾಥೊಲಿಕರ ಸಂಘವಾದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಹಳೇ ಪದ್ಧತಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಜನಾಮ್ ಅನ್ನುವ ವಿದ್ಯಾರ್ಥಿ ಗೆಳೆಯರ ಜೊತೆ ಸೇರಿ ಆ ಸಭೆಯನ್ನು ಶುರು ಮಾಡಿದಾಗ ಅವನಿಗೆ ಇಪ್ಪತ್ತೇ ವರ್ಷ. ಅವರ ಹತ್ತಿರವೂ ದುಡ್ಡಿರಲಿಲ್ಲ. ರೊಸಾಲಿ ರೆಂದು ಅನ್ನುವ ಸಿಸ್ಟರ್ ಆ ಹುಡುಗರಿಗೆ ಬಡವರ ಮನೆಗಳನ್ನು ತೋರಿಸಿ, ಹೇಗೆ ಹೋಗಬೇಕು, ಹೇಗೆ ಮಾತಾಡಬೇಕು ಅಂತ ಕಲಿಸಿದರು. ಮನೆಗೇ ಹೋಗಿ ನೋಡಬೇಕು, ಇಬ್ಬಿಬ್ಬರು ಹೋಗಬೇಕು ಅನ್ನುವುದು ಆ ಸಭೆಯಲ್ಲಿ ಇವತ್ತಿಗೂ ನಡೆಯುತ್ತಿದೆ. ಇಬ್ಬರು ಹೋದರೆ ಒಬ್ಬರಿಗೆ ಕೋಪ ಬಂದಾಗ ಇನ್ನೊಬ್ಬರು ತಡೆಯುತ್ತಾರೆ. ಒಬ್ಬರೇ ಎಲ್ಲರ ಕಷ್ಟ ಹೊತ್ತು ಬೇಗ ಸುಸ್ತಾಗುವುದೂ ತಪ್ಪುತ್ತದೆ.

ಬರೀ ಕೈ ಹಾಕಿದವರ ಬಗ್ಗೆ ಒಂದು ಮಾತು. ಕಷ್ಟದಲ್ಲಿರುವವರು ಅಂದರೆ ಹೊರಗಿನವರೇ ಅಂತ ನೀವು ಬರೆದಂತಿದೆ. ನಿಮ್ಮ 12 ಮನೆಯೊಳಗೇ ಇಬ್ಬರು ಮೂವರು ಇರುತ್ತಾರೆ, ಬಾಯಿ ಬಿಡುವುದಿಲ್ಲ ಅಷ್ಟೆ. ನಮ್ಮಲ್ಲಿ ತುಂಬಾ ಚೆನ್ನಾಗಿ ಕೀರ್ತನೆ ಹಾಡುವ ಒಬ್ಬರು ಬಾಡಿಗೆ ಬಾಕಿಗೆ ಮನೆ ಖಾಲಿ ಮಾಡಿಕೊಂಡು ರಾತ್ರೋರಾತ್ರಿ ಹೋಗಿಬಿಟ್ಟರು. ಹಿಂದಿನ ಭಾನುವಾರ ಪೂಜೆ ಮುಗಿಸಿ ನಮ್ಮ ಜೊತೆ ನಗುನಗುತ್ತಾ ಮಾತಾಡಿದ್ದರು. ಎಲ್ಲಿದ್ದಾರೋ ಗೊತ್ತಿಲ್ಲ.

ದುಡ್ಡಿಗಿಂತ ಜಾಸ್ತಿ ಬೇಕಾಗುವುದು ಜೊತೆಗೆ ಹೋಗುವ ಜನ. ಹೂವಿನ ಅಕ್ಕನ ಗಂಡ ಮೂಟೆ ಹೊರುವವರು, ಬಿದ್ದು ಕಾಲು ಮುರಿದುಕೊಂಡರು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಅದು ಅವರಿಗೂ ಗೊತ್ತಿತ್ತು. ಆದರೆ ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ರೇಷನ್ ಕಾರ್ಡಿನಲ್ಲಿ ಬರೀ ಇನಿಷಿಯಲ್. ಕೌಂಟರಿನಲ್ಲಿ ಎರಡು ಸಲ ವಾಪಸ್ ಕಳಿಸಿದ್ದರು. ಎರಡು ದಿನದ ವ್ಯಾಪಾರ ಹೋಯಿತು. ಮೂರನೇ ಸಲ ನಮ್ಮ ನರ್ಸ್ ತಂಗಿ ರಜೆ ಹಾಕಿ ಜೊತೆಗೆ ಹೋದಳು. ಅವಳೇನು ಜಗಳ ಆಡಲಿಲ್ಲ. ಅಕ್ಕನಿಗೆ ತಮಿಳು ಸರಾಗ, ಕನ್ನಡ ಓದಲು ಬರುವುದಿಲ್ಲ. ಇವಳು ಫಾರಂ ಓದಿ ಹೇಳಿದಳು, ಏನು ತರಬೇಕು ಅಂತ ಬರೆಸಿಕೊಂಡಳು, ಹೊರಗೆ ಹೋಗಿ ಜೆರಾಕ್ಸ್ ಮಾಡಿಸಿದಳು. ಕೆಲಸ ಆಯಿತು. ಈಗ ನಮ್ಮಲ್ಲಿ ಯಾರೇ ಇಂಥ ಕೆಲಸಕ್ಕೆ ಹೋಗಲಿ, ಒಂದು ಕೈಚೀಲ ತಗೊಂಡು ಹೋಗುತ್ತಾರೆ. ಅದರಲ್ಲಿ ಪೆನ್ನು, ಗೋಂದು, ನೀರಿನ ಬಾಟ್ಲಿ, ಆ ಮನೆಯವರ ಪಾಸ್‌ಪೋರ್ಟ್ ಸೈಜ್ ಫೋಟೋ, ಕಾಗದಗಳ ಎರಡೆರಡು ಜೆರಾಕ್ಸ್ ಇರುತ್ತವೆ.

ಮತಾಂತರದ ಮಾತು ನಮಗೂ ಕೇಳಿಸಿದೆ. ವಠಾರದಲ್ಲಿ ಹಿಂದೂಗಳು, ಮುಸ್ಲಿಮರು, ನಾವು ಎಲ್ಲ ಇದ್ದೇವೆ. ಸಹಾಯದ ಜೊತೆ ಕರಪತ್ರ ಇಲ್ಲ, ಚರ್ಚಿಗೆ ಬನ್ನಿ ಅನ್ನುವುದಿಲ್ಲ, ಅವರು ಕೇಳದೆ ಅವರ ಮನೆಯಲ್ಲಿ ಪ್ರಾರ್ಥನೆ ಮಾಡುವುದಿಲ್ಲ ಅಂತ ಮೊದಲೇ ಮಾತಾಡಿಕೊಂಡೆವು. ಯಾರೋ ಹೆದರಿಸಿದ್ದಕ್ಕೆ ಮಾಡಿದ್ದಲ್ಲ. ಹಸಿದವರ ಎದುರು ನಿಂತು ದೇವರ ಮಾತಾಡಿದರೆ ಬೇಡ ಅನ್ನುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು? ತಾವಾಗಿ ಕೇಳಿದರೆ ಮಾತ್ರ ಮನಸಾರೆ ಪ್ರಾರ್ಥಿಸುತ್ತೇವೆ. ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ನಮ್ಮ ಸಂತ ಮೇರಿ ಬಸಿಲಿಕಾಗೆ ಎಲ್ಲ ಧರ್ಮದವರೂ ಬರುತ್ತಾರೆ, ಕಾವಿ ಬಟ್ಟೆ ಉಟ್ಟು ನಡೆದು ಬರುವವರೂ ಇದ್ದಾರೆ. ಹೂವಿನ ಅಕ್ಕನೂ ಮಾತೆಗೆ ಮೊದಲ ಮಾಲೆ ಹಾಕಿಯೇ ವ್ಯಾಪಾರಕ್ಕೆ ಕೂರುವುದು. ಅವರ ಮನೆಯಲ್ಲಿ ಮುರುಗನ ಪಟ ಇದೆ. ಅದು ಅಲ್ಲೇ ಇರಲಿ.

ಕುಡಿತದ ಮನೆಗೆ ನಗದು ಕೊಡಬೇಡಿ, ಉಪದೇಶವೂ ಬೇಡ. ಮಗುವಿನ ಫೀಸ್ ಇದ್ದರೆ ಶಾಲೆಗೇ ಕಟ್ಟಿ. ಕುಡಿತ ಬಿಡಬೇಕು ಅನ್ನುವವರು ಒಬ್ಬರಿಗೊಬ್ಬರು ನೆರವಾಗುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳಿವೆ, ಅವರ ಮನೆಯವರಿಗೆ ಅಂಥದ್ದೇ ಅಲ್-ಅನಾನ್ ಇದೆ. ತೀರಾ ಕಂಗೆಟ್ಟವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಹೊಡೆತ ಬಡಿತ ಇರುವ ಮನೆಯಾದರೆ ನೀವೇ ರಾಜಿ ಪಂಚಾಯ್ತಿಗೆ ಇಳಿಯಬೇಡಿ. ಹೆಂಡತಿ ಮಕ್ಕಳಿಗೆ ಆ ರಾತ್ರಿ ಮಲಗಲು ಜಾಗ ಕೊಡಿ, ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ.

ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನನ್ನು ಕಾಪಾಡಿದ ಸಮಾರ್ಯದವನ ಬಗ್ಗೆ ಯೇಸು ಹೇಳಿದ ಕಥೆ ನಿಮ್ಮ ಕೂಟದಲ್ಲಿ ಎಷ್ಟೋ ಸಲ ಓದಿರುತ್ತೀರಿ. ಗಾಯಕ್ಕೆ ಎಣ್ಣೆ ಹಚ್ಚಿದ್ದು ಎಲ್ಲರಿಗೂ ನೆನಪಿರುತ್ತದೆ. ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಖರ್ಚು ಜಾಸ್ತಿಯಾದರೆ ತಿರುಗಿ ಬಂದಾಗ ಕೊಡುತ್ತೇನೆ ಅಂದನಲ್ಲ, ನನ್ನ ಮನಸ್ಸು ಈಗ ಅಲ್ಲೇ ನಿಲ್ಲುತ್ತದೆ. ಅವನು ತಿರುಗಿ ಬರುವವನಿದ್ದ. ಅದಕ್ಕೇ ಹೇಳುತ್ತಿದ್ದೇನೆ, ಇಪ್ಪತ್ತು ಮನೆ ಪಟ್ಟಿ ಮಾಡಬೇಡಿ. ಎರಡೇ ಮನೆ ಹಿಡಿಯಿರಿ. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ, ನಮ್ಮದು ಬುಧವಾರ. ಕೊಡಲು ಏನೂ ಇಲ್ಲದಿದ್ದರೂ ಹೋಗಿ. ಬರಿಗೈಯಲ್ಲಿ ಹೋದ ದಿನವೇ ಜನ ಮನಸ್ಸು ಬಿಚ್ಚಿ ಮಾತಾಡುವುದು.

ಯಾವ ಎರಡು ಮನೆ ಅಂತ ಗೊತ್ತಾಗದಿದ್ದರೆ ಒಂದು ಸಂಜೆ ಆರರಿಂದ ಏಳರವರೆಗೆ ನಿಮ್ಮ ಬೀದಿಯಲ್ಲಿ ನಿಂತು ನೋಡಿ. ಒಬ್ಬ ಬೈಕಿನಲ್ಲಿ ಬರುತ್ತಾನೆ. ಇಂಜಿನ್ ಆಫ್ ಮಾಡುವುದಿಲ್ಲ. ದುಡ್ಡು ಎಣಿಸಿಕೊಂಡು ಚಿಕ್ಕ ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಾನೆ. ಅವನು ಯಾರ ಹತ್ತಿರ ನಿಂತ ಅಂತ ನೋಡಿಟ್ಟುಕೊಳ್ಳಿ. ಮಾರನೇ ದಿನ ಅಲ್ಲಿಗೆ ಹೋಗಿ, ಇಡ್ಲಿಯೋ ಹೂವೋ ಏನಾದರೂ ಕೊಂಡುಕೊಂಡು, ಸ್ವಲ್ಪ ಹೊತ್ತು ಕೂತು ಬನ್ನಿ.