ಸೋತ ಕರ್ಣನನ್ನು ನಾಯಕ ಅನ್ನಬಹುದಾ?

ಧಾರಾಳವಾಗಿ ಅನ್ನಬಹುದು. ನಮ್ಮ ಕಾಸರಗೋಡು ಕಡೆ ತಾಳಮದ್ದಳೆಯಲ್ಲಿ, ಅಂದ್ರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ಈ ವಾದ ಇದ್ದದ್ದೇ. ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದು ಕೂತ ಅರ್ಥಧಾರಿ ಬರೀ ಮಾತಿನಲ್ಲೇ ಕರ್ಣನಾಗಬೇಕು.

ಗೆಲುವೇ ಮುಖ್ಯ ಅಂದ್ರೆ ಅರ್ಜುನನೇ ನಾಯಕ, ಅಲ್ಲಿಗೆ ಮುಗೀತು. ಆದರೆ ಯುದ್ಧಕ್ಕೆ ಮುಂಚೆ ಕೃಷ್ಣ ಬಂದು, ನೀನು ಕುಂತಿಯ ಹಿರಿಮಗ, ರಾಜ್ಯ ನಿನ್ನದೇ ಅಂದಾಗ ಕರ್ಣ ಒಪ್ಪುವುದಿಲ್ಲ. ದುರ್ಯೋಧನನ ಕೈ ಬಿಡಲಾರೆ ಅನ್ನುತ್ತಾನೆ. ಸೋಲು ಗೊತ್ತಿದ್ದೇ ಆರಿಸಿಕೊಂಡದ್ದು. ಇಲ್ಲಿ ಅರ್ಥಧಾರಿ ಶಾಲು ಸರಿಮಾಡಿಕೊಂಡು ಒಂದು ಗಳಿಗೆ ಸುಮ್ಮನಾದರೆ ಸಭೆಯಲ್ಲಿ ಒಂದು ಕೆಮ್ಮೂ ಕೇಳಿಸುವುದಿಲ್ಲ.

ಹಾಗಂತ ಅವನು ಸಾಚಾ ಏನಲ್ಲ. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಅವನಾಡಿದ ಮಾತು ಹೇಸಿಗೆ ಹುಟ್ಟಿಸುತ್ತದೆ. ಅದನ್ನು ಮುಚ್ಚಿಟ್ಟು ಸುಮ್ನೆ ದಾನಶೂರ ಅಂತ ಹೊಗಳುವವರನ್ನು ಕಂಡರೆ ನನಗಾಗದು. ಎದುರಿನ ಅರ್ಥಧಾರಿ ಹುಷಾರಾಗಿದ್ದರೆ ಅದನ್ನೇ ಎತ್ತಿ ಕೇಳುತ್ತಾನೆ. ಆಗ ಕರ್ಣ ತಪ್ಪು ಒಪ್ಪಿಕೊಂಡೇ ನಿಲ್ಲಬೇಕು. ನನಗೆ ಅವನು ನಾಯಕನಾಗಿ ಕಾಣುವುದು ಆಗಲೇ.

ಅಂದಹಾಗೆ, 10ನೇ ಶತಮಾನದ ಪಂಪನಿಗೂ ಇದೇ ಪೀಕಲಾಟ. ಅವನ ಕಾವ್ಯದ ನಾಯಕ ಅರ್ಜುನ. ಆದರೆ ಮಹಾಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಅಂದುಬಿಟ್ಟ!