ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದಿಂದ ಬಂದ ಫೋನಿನ ಲಾಕ್ ತೆಗೆಯಬೇಕಾದವರು ಯಾರು?

ಪ್ರಶ್ನೆ: ಡಲ್ಲಾಸ್‌ನಲ್ಲಿ ಕೆಲಸ ಮಾಡುತ್ತಿರುವ ನಮ್ಮ ಮಗ ತಾನು ಬಳಸುತ್ತಿದ್ದ ಐಫೋನ್ 13 ಅನ್ನು ಊರಿಗೆ ಬಂದವರ ಕೈಯಲ್ಲಿ ನನಗೆ ಕಳುಹಿಸಿಕೊಟ್ಟಿದ್ದಾನೆ. ಅಲ್ಲಿ ಅದನ್ನು ಎಟಿ ಆ್ಯಂಡ್ ಟಿ ಕಂಪನಿಯಿಂದ ಕಂತಿನ ಮೇಲೆ ಕೊಂಡಿದ್ದ. ನನ್ನ ಸಿಮ್ ಹಾಕಿದರೆ ‘ಸಿಮ್ ನಾಟ್ ಸಪೋರ್ಟೆಡ್’ ಎಂದು ಬರುತ್ತದೆ. ಪೇಟೆಯ ಮೊಬೈಲ್ ಅಂಗಡಿಯವರು ಮೂರು ಸಾವಿರ ರೂಪಾಯಿಗೆ ಅನ್‌ಲಾಕ್ ಮಾಡಿಕೊಡುವುದಾಗಿ ಹೇಳುತ್ತಾರೆ. ಕೊಡಬಹುದೇ? ಹೀಗೆ ಅನ್‌ಲಾಕ್ ಮಾಡಿಸುವುದು ಕಾನೂನಿಗೆ ವಿರುದ್ಧವೇ?
— ಓದುಗರು, ಶಿವಮೊಗ್ಗ

ಉತ್ತರ: ದಯವಿಟ್ಟು ಆ ಹಣ ಕೊಡಬೇಡಿ. ನಿಮ್ಮ ಫೋನೂ ಕೆಟ್ಟಿಲ್ಲ, ಸಿಮ್ಮೂ ಕೆಟ್ಟಿಲ್ಲ. ಅಮೆರಿಕದಲ್ಲಿ ಮೊಬೈಲ್ ಕಂಪನಿಗಳು ಫೋನನ್ನು ಕಂತಿನಲ್ಲಿ ಮಾರುವಾಗ ಅದು ತಮ್ಮ ಸಿಮ್‌ಗೆ ಮಾತ್ರ ಓಗೊಡುವಂತೆ ಕಟ್ಟುಹಾಕಿ ಕೊಡುತ್ತವೆ. ಎಟಿ ಆ್ಯಂಡ್ ಟಿಯಲ್ಲಿ ಈ ಕಂತು ಸಾಮಾನ್ಯವಾಗಿ 36 ತಿಂಗಳಿನದು. ‘ಉಚಿತ’ ಎಂದು ಪ್ರಚಾರ ಮಾಡುವ ಫೋನುಗಳ ಲೆಕ್ಕವೂ ಇದೇ: ಪ್ರತಿ ತಿಂಗಳ ಬಿಲ್ಲಿನಲ್ಲಿ ಕಂತನ್ನು ಬರೆದು, ಅಷ್ಟೇ ಮೊತ್ತವನ್ನು ರಿಯಾಯಿತಿಯಾಗಿ ಕಳೆಯುತ್ತಾರೆ, ಗ್ರಾಹಕ ನಡುವೆ ಸಂಪರ್ಕ ಬಿಟ್ಟರೆ ರಿಯಾಯಿತಿ ನಿಂತು, ಉಳಿದ ಬಾಕಿ ಪೂರ್ತಿ ಅವನ ತಲೆಗೆ ಬರುತ್ತದೆ. ಆದ್ದರಿಂದ ಮೊದಲು ನಿಮ್ಮ ಮಗನನ್ನು ಕೇಳಬೇಕಾದ ಪ್ರಶ್ನೆ ಒಂದೇ: ಕಂತು ಪೂರ್ತಿ ತೀರಿದೆಯೇ?

ತೀರಿದ್ದರೆ ಮುಂದಿನ ಕೆಲಸಕ್ಕೆ ಒಂದು ಪೈಸೆಯೂ ಬೇಕಿಲ್ಲ. ಎಟಿ ಆ್ಯಂಡ್ ಟಿಯ ನಿಯಮದ ಪ್ರಕಾರ, ತಿಂಗಳ ಬಿಲ್ಲಿನ ಗ್ರಾಹಕರ ಫೋನು ಕನಿಷ್ಠ 60 ದಿನ ಆ ಕಂಪನಿಯ ಜಾಲದಲ್ಲಿ ಚಾಲ್ತಿಯಲ್ಲಿದ್ದು, ಅದರ ಬೆಲೆ ಪೂರ್ತಿ ಸಂದಾಯವಾಗಿರಬೇಕು. ಖಾತೆಯಲ್ಲಿ ಬಾಕಿ ಇರಬಾರದು. ಫೋನು ಕಳೆದುಹೋಗಿದೆ ಅಥವಾ ಕಳುವಾಗಿದೆ ಎಂಬ ದೂರು ಇರಬಾರದು. ನೀವು ಫೋನಿನಲ್ಲಿ *#06# ಎಂದು ಒತ್ತಿದರೆ ಹದಿನೈದು ಅಂಕಿಗಳ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಕಾಣಿಸುತ್ತದೆ. ಅದನ್ನು ಮಗನಿಗೆ ಕಳುಹಿಸಿ. ಅವನು ಕಂಪನಿಯ ಜಾಲತಾಣದ ಅನ್‌ಲಾಕ್ ಪುಟದಲ್ಲಿ ಆ ಸಂಖ್ಯೆಯನ್ನು ನಮೂದಿಸಿ ಕೋರಿಕೆ ಸಲ್ಲಿಸಬೇಕು. ತಕ್ಷಣ ಅವನ ಇಮೇಲ್‌ಗೆ ಒಂದು ಕೊಂಡಿ ಬರುತ್ತದೆ. ಅದನ್ನು 24 ಗಂಟೆಯೊಳಗೆ ಒತ್ತಿ ಖಚಿತಪಡಿಸದಿದ್ದರೆ ಕೋರಿಕೆ ರದ್ದಾಗುತ್ತದೆ. ಅನೇಕರ ಅರ್ಜಿ ಬಿದ್ದುಹೋಗುವುದು ಈ ಹಂತದಲ್ಲೇ ಆದ್ದರಿಂದ ಮಗನಿಗೆ ಇದನ್ನು ಒತ್ತಿ ಹೇಳಿ.

ಒಪ್ಪಿಗೆ ಬಂದ ಮೇಲೆ ಐಫೋನಿಗೆ ಯಾವ ಕೋಡನ್ನೂ ಹಾಕಬೇಕಾಗಿಲ್ಲ. ಯಾವ ಫೋನು ಯಾವ ಕಂಪನಿಗೆ ಕಟ್ಟುಬಿದ್ದಿದೆ ಎಂಬ ಮಾಹಿತಿ ಇರುವುದು ಆ್ಯಪಲ್ ಕಂಪನಿಯ ಸರ್ವರ್‌ನಲ್ಲಿ. ಎಟಿ ಆ್ಯಂಡ್ ಟಿ ಹೇಳಿದಾಗ ಮಾತ್ರ ಅದು ಬದಲಾಗುತ್ತದೆ. ನೀವು ವೈಫೈಗೆ ಜೋಡಿಸಿಕೊಂಡು ನಿಮ್ಮ ಸಿಮ್ ಹಾಕಿದರೆ ಸಾಕು. ಬಳಿಕ ‘ಸೆಟ್ಟಿಂಗ್ಸ್’, ‘ಜನರಲ್’, ‘ಅಬೌಟ್’ ಎಂದು ಒಂದೊಂದಾಗಿ ತೆರೆದು ಕೆಳಗೆ ಸರಿಯಿರಿ; ‘ಕ್ಯಾರಿಯರ್ ಲಾಕ್’ ಎಂಬುದರ ಎದುರು ‘ನೋ ಸಿಮ್ ರೆಸ್ಟ್ರಿಕ್ಷನ್ಸ್’ ಎಂದಿದ್ದರೆ ಲಾಕ್ ಶಾಶ್ವತವಾಗಿ ಹೋಗಿದೆ ಎಂದರ್ಥ. ಹೊರದೇಶದ ಫೋನನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಹಣ ಎಣಿಸುವ ಮೊದಲು ಈ ಒಂದು ಸಾಲನ್ನು ತಾವೇ ತೆರೆದು ಓದಬೇಕು.

ಹಾಗಾದರೆ ಅಂಗಡಿಯವರು ಮೂರು ಸಾವಿರಕ್ಕೆ ಏನು ಮಾಡಿಕೊಡುತ್ತಾರೆ? ಬಹುಮಟ್ಟಿಗೆ ಆರ್-ಸಿಮ್ ಎಂಬ ಜಾತಿಯ ಒಂದು ಚಿಪ್ಪನ್ನು ಸೇರಿಸಿಕೊಡುತ್ತಾರೆ. ಕಾಗದದಷ್ಟು ತೆಳುವಾದ ಆ ಹಾಳೆಯನ್ನು ಸಿಮ್ ಕಾರ್ಡಿನ ಹಿತ್ತಾಳೆ ಬಣ್ಣದ ಮುಖದ ಮೇಲೆ ಕೂರಿಸಿ, ಎರಡನ್ನೂ ಒಟ್ಟಿಗೆ ಟ್ರೇಯೊಳಗೆ ತಳ್ಳುತ್ತಾರೆ. ಒಳಗಿರುವುದು ಎಟಿ ಆ್ಯಂಡ್ ಟಿಯ ಸಿಮ್ ಎಂದೇ ಫೋನು ನಂಬುವಂತೆ ಅದು ನಡುವೆ ಕುಳಿತು ಉತ್ತರ ಕೊಡುತ್ತದೆ. ಅಂಗಡಿಯಲ್ಲಿ ನಿಂತಿರುವಾಗ ಸಿಗ್ನಲ್ ಬರುತ್ತದೆ, ಕರೆಯೂ ಹೋಗುತ್ತದೆ, ನೀವು ಸಂತೋಷದಿಂದ ಮನೆಗೆ ಬರುತ್ತೀರಿ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗಲೋ ಫೋನನ್ನು ರೀಸೆಟ್ ಮಾಡಿದಾಗಲೋ ಮತ್ತೆ ಅದೇ ‘ಸಿಮ್ ನಾಟ್ ಸಪೋರ್ಟೆಡ್’. ಲಾಕ್ ತೆಗೆದೇ ಇರಲಿಲ್ಲವಲ್ಲ. ಇನ್ನೊಂದು ದಾರಿ ಕಂಪನಿಯ ಒಳಗಿನವರನ್ನು ಹಿಡಿದು ಕದ್ದುಮುಚ್ಚಿ ಮಾಡಿಸುವುದು. ಎಟಿ ಆ್ಯಂಡ್ ಟಿಯ ಕಾಲ್‌ಸೆಂಟರ್ ನೌಕರರಿಗೆ ಲಂಚ ಕೊಟ್ಟು ಸುಮಾರು 19 ಲಕ್ಷ ಫೋನುಗಳ ಲಾಕ್ ತೆಗೆಸಿದ್ದ ಒಬ್ಬನಿಗೆ ಸಿಯಾಟಲ್‌ನ ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ 12 ವರ್ಷ ಸೆರೆವಾಸ ವಿಧಿಸಿತು. ಮನೆಯವರೊಂದಿಗೆ ಮಾತಾಡಲು ಬೇಕಾದ ಫೋನಿಗಾಗಿ ಅಂಥ ಬಾಗಿಲನ್ನು ತಟ್ಟುವ ಅಗತ್ಯ ನಿಮಗಿಲ್ಲ.

ಇನ್ನು ಕಾನೂನಿನ ಮಾತು. ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಯು ತಾಂತ್ರಿಕ ಬೀಗಗಳನ್ನು ಮುರಿಯುವುದನ್ನು ನಿಷೇಧಿಸಿತ್ತು. ಫೋನ್ ಅನ್‌ಲಾಕ್‌ಗೆ ಮೊದಲಿದ್ದ ವಿನಾಯಿತಿಯನ್ನು ಅಲ್ಲಿನ ಸಂಸತ್ತಿನ ಗ್ರಂಥಾಲಯದ ಮುಖ್ಯಸ್ಥರು 2012ರಲ್ಲಿ ಮುಂದುವರಿಸಲಿಲ್ಲ. 2013ರ ಜನವರಿ 26ರ ನಂತರ ಕೊಂಡ ಹೊಸ ಫೋನಿನ ಲಾಕನ್ನು ಕಂಪನಿಯ ಅನುಮತಿ ಇಲ್ಲದೆ ತೆಗೆಯುವುದು ಕಾನೂನುಬಾಹಿರವಾಯಿತು. ಪೂರ್ತಿ ದುಡ್ಡು ಕೊಟ್ಟು ಕೊಂಡ ವಸ್ತುವಿನ ಮೇಲೆ ತಮಗೇ ಹಕ್ಕಿಲ್ಲವೇ ಎಂದು ಕೇಳಿ ಒಂದು ಲಕ್ಷಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆಗೆ ಅಧ್ಯಕ್ಷ ಒಬಾಮ 2014ರ ಆಗಸ್ಟ್ 1ರಂದು ಸಹಿ ಹಾಕಿದರು. ಅಂದಿನಿಂದ ಬಳಕೆದಾರ ತನ್ನ ಫೋನನ್ನು ಬೇರೆ ಜಾಲಕ್ಕೆ ಒಯ್ಯಲು ಅನ್‌ಲಾಕ್ ಮಾಡಿಸಿಕೊಳ್ಳುವುದು ಅಲ್ಲಿ ಅಪರಾಧವಲ್ಲ. ಜನಸಾಮಾನ್ಯರು ಕೇಳಿ ಪಡೆದ ಈ ಹಕ್ಕನ್ನು ನಿಮ್ಮ ಮಗ ನೇರ ದಾರಿಯಲ್ಲೇ ಬಳಸಿಕೊಳ್ಳಲಿ.

ಪ್ರಶ್ನೆ: ಅಕ್ಕ ಅಮೆರಿಕದಿಂದ ತಂದುಕೊಟ್ಟ ಸ್ಯಾಮ್‌ಸಂಗ್ ಫೋನು ‘ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್’ ಕೇಳುತ್ತಿದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಕೋಡುಗಳನ್ನು ಹಾಕಿ ನೋಡಬಹುದೇ?
— ಓದುಗರು, ಮೈಸೂರು

ಉತ್ತರ: ಒಂದನ್ನೂ ಹಾಕಬೇಡಿ. ಆ ಕೋಡು ಪ್ರತಿ ಫೋನಿನ ಐಎಂಇಐಗೆ ಪ್ರತ್ಯೇಕವಾಗಿರುತ್ತದೆ; ನೆರೆಯವರ ಫೋನಿಗೆ ಹೊಂದಿದ್ದು ನಿಮ್ಮದಕ್ಕೆ ಹೊಂದುವುದಿಲ್ಲ. ತಪ್ಪು ಕೋಡು ಹಾಕಲು ಸಿಗುವ ಅವಕಾಶಗಳೂ ಎಣಿಕೆಯವು. ಅವು ಮುಗಿದರೆ ಆಮೇಲೆ ಸರಿಯಾದ ಕೋಡು ಸಿಕ್ಕರೂ ಫೋನು ಸ್ವೀಕರಿಸದೆ ಹೋಗಬಹುದು. ಅಕ್ಕ ಯಾವ ಕಂಪನಿಯ ಗ್ರಾಹಕರಾಗಿದ್ದರೋ ಆ ಕಂಪನಿಯಿಂದಲೇ ಕೋಡನ್ನು ಕೇಳಿ ಪಡೆಯಲಿ. ಅವರು ಟಿ-ಮೊಬೈಲ್ ಗ್ರಾಹಕರಾಗಿದ್ದರೆ ಈಚಿನ ಫೋನುಗಳಲ್ಲಿ ಕೋಡಿನ ತಾಪತ್ರಯವೇ ಇರುವುದಿಲ್ಲ: ಸೆಟ್ಟಿಂಗ್ಸ್‌ನ ‘ಕನೆಕ್ಷನ್ಸ್’ ಭಾಗದಲ್ಲಿರುವ ‘ನೆಟ್‌ವರ್ಕ್ ಅನ್‌ಲಾಕ್’ ಎಂಬಲ್ಲಿ, ಇಂಟರ್ನೆಟ್ ಸಂಪರ್ಕವಿರುವಾಗ, ಶಾಶ್ವತ ಅನ್‌ಲಾಕ್ ಆಯ್ಕೆ ಮಾಡಿದರೆ ಕಂಪನಿಯ ಒಪ್ಪಿಗೆ ಇದ್ದಲ್ಲಿ ಲಾಕ್ ಅಲ್ಲೇ ತೆರೆದುಕೊಳ್ಳುತ್ತದೆ.

ಪ್ರಶ್ನೆ: ತಂದೆಯವರ ಜಿಯೋಫೋನಿಗೆ ಬೇರೆ ಕಂಪನಿಯ ಸಿಮ್ ಹಾಕಬಹುದೇ?
— ಓದುಗರು, ಗದಗ

ಉತ್ತರ: ಆಗುವುದಿಲ್ಲ. 2017ರಲ್ಲಿ ಬಂದ ಆ ಫೋನನ್ನು ಜಿಯೋ ಸಿಮ್‌ಗೆಂದೇ ರೂಪಿಸಲಾಗಿದೆ. ನಮ್ಮಲ್ಲಿ ಬಿಡಿಯಾಗಿ ಮಾರುವ ಉಳಿದ ಸ್ಮಾರ್ಟ್‌ಫೋನುಗಳಿಗೆ ಸಾಮಾನ್ಯವಾಗಿ ಇಂಥ ಕಟ್ಟು ಇರುವುದಿಲ್ಲ. ತಂದೆಯವರಿಗೆ ಬೇರೆ ಫೋನು ಕೊಡಿಸಿದ ಮೇಲೆ ಈಗಿನ ನಂಬರನ್ನೇ ಉಳಿಸಿಕೊಂಡು ಕಂಪನಿ ಬದಲಿಸಬೇಕೆಂದಿದ್ದರೆ, ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಮೊಬೈಲ್ ಸಂಖ್ಯೆ ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿ, ಬರುವ ಕೋಡನ್ನು ಹೊಸ ಕಂಪನಿಯವರಿಗೆ ಕೊಟ್ಟರೆ ಸಾಕು. ಕರ್ನಾಟಕದೊಳಗೇ ಆದರೆ ಮೂರು ಕೆಲಸದ ದಿನಗಳ ಕಾಲಮಿತಿ ಇದೆ.

ಪ್ರಶ್ನೆ: ಮಗಳು ಓದಲು ಅಮೆರಿಕಕ್ಕೆ ಹೊರಟಿದ್ದಾಳೆ. ಫೋನನ್ನು ಇಲ್ಲೇ ಕೊಡಿಸಲೇ, ಅಲ್ಲಿ ಕೊಳ್ಳಲಿ ಎನ್ನಲೇ?
— ಓದುಗರು, ಬೆಳಗಾವಿ

ಉತ್ತರ: ಅವಳು ಹೊರಟಿರುವುದು ಕೆನಡಾಕ್ಕೋ ಬ್ರಿಟನ್ನಿಗೋ ಆಗಿದ್ದರೆ ಈ ಚಿಂತೆ ಇರುತ್ತಿರಲಿಲ್ಲ. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ, ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಮೊಬೈಲ್ ಕಂಪನಿಗಳು ಲಾಕ್ ಮಾಡಿದ ಫೋನು ಮಾರುವಂತಿಲ್ಲ. ಅಮೆರಿಕದಲ್ಲಿ ಅಂಥ ನಿಷೇಧವಿಲ್ಲ. ಅಲ್ಲಿ ಕೊಳ್ಳುವುದಾದರೆ ತುಸು ದುಬಾರಿ ಎನಿಸಿದರೂ ತಯಾರಕರ ಅಂಗಡಿಯಲ್ಲಿ ‘ಅನ್‌ಲಾಕ್ಡ್’ ಎಂದು ಮಾರುವ ಫೋನನ್ನೇ ಕೊಳ್ಳಲಿ. ರಜೆಗೆ ಊರಿಗೆ ಬಂದಾಗ ನಮ್ಮ ಸಿಮ್ ಹಾಕಿಕೊಳ್ಳಲು ಅದೇ ಅನುಕೂಲ. ಆದರೆ ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ಅದರ ನಂತರದ ಮುಖ್ಯ ಮಾದರಿಗಳಿಗೆ ಸಿಮ್ ಟ್ರೇಯೇ ಇಲ್ಲ, ಕಾರ್ಡಿಲ್ಲದೆ ಫೋನಿನೊಳಗೇ ಚಾಲೂ ಮಾಡುವ ಇ-ಸಿಮ್ ಮಾತ್ರ. ಇಲ್ಲಿ ಜಿಯೋ, ಏರ್‌ಟೆಲ್, ವಿಐ ಮೂರೂ ಇ-ಸಿಮ್ ಕೊಡುತ್ತವೆ.

ಇಲ್ಲಿಂದ ಒಯ್ಯುವುದಾದರೂ ಒಂದು ಎಚ್ಚರ ಬೇಕು. ಲಾಕ್ ಇಲ್ಲದ ಫೋನೆಲ್ಲ ಅಲ್ಲಿ ನಡೆಯುತ್ತದೆ ಎಂದಲ್ಲ. ಎಟಿ ಆ್ಯಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ಜಾಲವನ್ನು ಮುಚ್ಚಿದ ಮೇಲೆ ಕರೆಗಳೆಲ್ಲ 4ಜಿ ಮತ್ತು 5ಜಿ ಮೂಲಕವೇ ಹೋಗುತ್ತವೆ; ಆ ಕಂಪನಿ ತಾನು ಪರೀಕ್ಷಿಸಿ ಒಪ್ಪಿದ ಮಾದರಿಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ನಮ್ಮಲ್ಲಿ ಚೆನ್ನಾಗಿ ಮಾರಾಟವಾಗುವ ಹಲವು ಚೀನೀ ಬ್ರ್ಯಾಂಡುಗಳು ಅಲ್ಲಿ ಮಾರಾಟಕ್ಕೇ ಇಲ್ಲವಾದ್ದರಿಂದ ಅಂಥ ಪಟ್ಟಿಯಲ್ಲಿ ಅವು ಸಿಗುವುದು ಕಷ್ಟ. ಮಗಳ ಫೋನು ಐಫೋನ್ ಅಲ್ಲದಿದ್ದರೆ, ಬಾಕ್ಸಿನ ಮೇಲಿರುವ ಪೂರ್ತಿ ಮಾದರಿ ಸಂಖ್ಯೆ ಮತ್ತು ಐಎಂಇಐಯನ್ನು ಅವಳು ಸೇರಬೇಕೆಂದಿರುವ ಕಂಪನಿಯ ಜಾಲತಾಣದಲ್ಲಿ, ವಿಮಾನ ಹತ್ತುವ ಮೊದಲೇ, ಹಾಕಿ ಪರಿಶೀಲಿಸಿಕೊಳ್ಳಲಿ. ‘ಹೊಂದುವುದಿಲ್ಲ’ ಎಂಬ ಉತ್ತರ ಬಂದರೆ ಹೊಸ ಫೋನಿನ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.