ಎಲೆಯ ಆಮ್ಲಜನಕ ಬರುವುದು ನೀರಿನಿಂದ

ಎಲೆ ಬಿಡುವ ಆಮ್ಲಜನಕ ಕಾರ್ಬನ್ ಡೈಆಕ್ಸೈಡ್‌ನದೋ ನೀರಿನದೋ, ಅದು ಜೀವಕೋಶದ ಪೊರೆ ದಾಟಲು ಎಟಿಪಿ (ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು) ಬೇಕಾ ಅಂತ ಕೇಳಿದ್ದೀರಿ.

ಎಟಿಪಿ ಬೇಡ. ಆಮ್ಲಜನಕದ ಅಣು ಚಿಕ್ಕದು, ವಿದ್ಯುದಾವೇಶವೂ ಇಲ್ಲ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಪೊರೆಯ ಮೂಲಕ ಸುಮ್ನೆ ನುಸುಳಿ ಹೋಗುತ್ತದೆ. ಇದೇ ವಿಸರಣೆ. ಗ್ಲೂಕೋಸ್, ಅಯಾನುಗಳಂಥವಕ್ಕಾದರೆ (ಅಯಾನು ಅಂದರೆ ವಿದ್ಯುದಾವೇಶ ಇರುವ ಕಣ) ಪೊರೆಯಲ್ಲಿರುವ ಪ್ರೋಟೀನುಗಳ ನೆರವು ಬೇಕು. ಕಡಿಮೆ ಇರುವಲ್ಲಿಂದ ಜಾಸ್ತಿ ಇರುವಲ್ಲಿಗೆ ತಳ್ಳುವುದಾದರೆ ಶಕ್ತಿಯೂ ಖರ್ಚಾಗುತ್ತದೆ.

ನಿಮ್ಮ ಮೊದಲ ಪ್ರಶ್ನೆಯೇ ನನಗೆ ಹೆಚ್ಚು ಇಷ್ಟವಾಯಿತು. ಉತ್ತರ: ನೀರಿನದು. 1941ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿಜ್ಞಾನಿಗಳಾದ ಸ್ಯಾಮ್ಯುಯೆಲ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಜೊತೆಗಾರರು ಕ್ಲೋರೆಲ್ಲಾ ಎಂಬ ಪಾಚಿಗೆ ಆಮ್ಲಜನಕ-18 ಬೆರೆತ ನೀರು ಕೊಟ್ಟರು. ಈ ಭಾರವಾದ ಆಮ್ಲಜನಕ ಎಲ್ಲಿ ಹೋದರೂ ಪತ್ತೆಯಾಗುತ್ತದೆ. ಪಾಚಿ ಬಿಟ್ಟ ಅನಿಲದಲ್ಲಿ ಅದು ನೀರಿನಲ್ಲಿದ್ದ ಪ್ರಮಾಣದಲ್ಲೇ ಸಿಕ್ಕಿತು.

ಹಾಗಾದರೆ ಶಾಲೆಯಲ್ಲಿ ಕಲಿಸುವ ದ್ಯುತಿಸಂಶ್ಲೇಷಣೆಯ ಸಮೀಕರಣದ (6 ಕಾರ್ಬನ್ ಡೈಆಕ್ಸೈಡ್ + 6 ನೀರು → 1 ಗ್ಲೂಕೋಸ್ + 6 ಆಮ್ಲಜನಕ) ಲೆಕ್ಕ ತಾಳೆಯಾಗಲ್ಲ, ಅಲ್ವಾ? 6 ಆಮ್ಲಜನಕ ಅಣುಗಳಿಗೆ 12 ಪರಮಾಣು ಬೇಕು, 6 ನೀರಿನ ಅಣುಗಳಲ್ಲಿ ಇರುವುದು ಆರೇ. ಅದಕ್ಕೇ ದೊಡ್ಡ ತರಗತಿಗಳಲ್ಲಿ ಎಡಕ್ಕೆ 12 ನೀರು, ಬಲಕ್ಕೆ ಹೊಸದಾಗಿ ಹುಟ್ಟುವ 6 ನೀರು ಬರೆಸುತ್ತಾರೆ.